ಎಡಗಡೆಯ ಚುಕ್ಕಿ

ಚಾಮರಾಜಪೇಟೆಯ ನಮ್ಮ ಮನೆಗೆ ಟಿವಿ ಬಂದಾಗ ಅದರ ಜೊತೆಗೆ ಒಂದು ನಿಯಮವೂ ಬಂತು. ಬ್ರೈಟ್‌ನೆಸ್ ಜಾಸ್ತಿ ಇಡಬಾರದು, ಪಿಕ್ಚರ್ ಟ್ಯೂಬ್ ಬೇಗ ಹೋಗುತ್ತದೆ. ಇದನ್ನು ಮೊದಲು ಯಾರು ಹೇಳಿದರೋ, ನಮ್ಮ ಬೀದಿಯಲ್ಲಿ ಟಿವಿ ಇದ್ದವರೆಲ್ಲ ನಂಬಿದ್ದರು. ನನ್ನ ಭಾಮೈದ ಮಸ್ಕತ್ತಿನಿಂದ ಟಿವಿ ಗೇಮ್ ತಂದುಕೊಟ್ಟ ಮೇಲೆ ನಿಯಮ ಇನ್ನೂ ಬಿಗಿಯಾಯಿತು. ಕಪ್ಪು ಪರದೆಯ ಎರಡು ಅಂಚಿಗೆ ಎರಡು ಬಿಳಿ ಗೆರೆ, ನಡುವೆ ಓಡಾಡುವ ಒಂದು ಬಿಳಿ ಚುಕ್ಕಿ, ಇಷ್ಟೇ ಆಟ. ಆ ಗೆರೆಗಳು ಟ್ಯೂಬಿನ ಮೇಲೆ ಕಲೆಯಾಗಿ ಉಳಿದುಬಿಡುತ್ತವೆ ಎಂದು ನನ್ನ ಹೆಂಡತಿಗೆ ಭಯ. ಹಾಗಾಗಿ ಆಟಕ್ಕೆ ಮುಂಚೆ ಬ್ರೈಟ್‌ನೆಸ್ ನಾಬ್ ತಗ್ಗಿಸುವುದು, ಆಮೇಲೆ ಏರಿಸುವುದು ನನ್ನ ಕೆಲಸ. ನಾಬ್ ಟಿವಿಯ ಬಲಗಡೆ ಇತ್ತು. ನಾನು ಯಾವಾಗಲೂ ಬಲಗಡೆಯೇ ಕೂರುತ್ತಿದ್ದೆ.

ಒಂದು ಸಂಗತಿ ನನಗೆ ಮಾತ್ರ ಗೊತ್ತಿತ್ತು. ಮಧ್ಯಾಹ್ನ ಎದುರುಮನೆಯ ಸುಣ್ಣದ ಗೋಡೆಗೆ ಬಿಸಿಲು ಬಿದ್ದರೆ ಅದರ ಬೆಳಕು ನಮ್ಮ ಕಿಟಕಿಯಿಂದ ಬಂದು ಟಿವಿ ಗಾಜಿನ ಎಡ ಅರ್ಧದಲ್ಲಿ ಹೊಳೆಯುತ್ತಿತ್ತು. ಬ್ರೈಟ್‌ನೆಸ್ ತಗ್ಗಿಸಿದಷ್ಟೂ ಚುಕ್ಕಿ ಆ ಹೊಳಪಿನಲ್ಲಿ ಕರಗಿಹೋಗುತ್ತಿತ್ತು. ಬಲಗಡೆ ಆಡುವವನಿಗೆ ತೊಂದರೆಯಿಲ್ಲ. ಎಡಗಡೆಯವನು ಊಹೆಯ ಮೇಲೆ ಆಡಬೇಕು.

ನನ್ನ ಅಣ್ಣ ನಗರ್ತಪೇಟೆಯ ಬೆಳ್ಳಿ ಅಂಗಡಿಯೊಂದರಲ್ಲಿ ಕೆತ್ತನೆಯವನು. ತಟ್ಟೆಯ ಅಂಚಿಗೆ ಬಳ್ಳಿ, ಕುಂಕುಮದ ಬಟ್ಟಲಿಗೆ ನವಿಲು, ಲೋಟಕ್ಕೆ ಹೆಸರು. ನಾನು ಹೈಸ್ಕೂಲು ಮುಗಿಸಿದ್ದೇ ಅವನ ದುಡಿಮೆಯಲ್ಲಿ. ಆ ಭಾನುವಾರ ಓಕಳಿಪುರಂನಿಂದ ನಮ್ಮ ಮನೆಗೆ ಊಟಕ್ಕೆ ಬಂದಿದ್ದ.

"ಒಂದು ಮದುವೆ ಬೆಳ್ಳಿ ಬಂದಿದೆ ಕಣೋ, ಪೂರ್ತಿ ಪೂಜೆ ಸಾಮಾನು," ಎಂದ ಮೊಸರನ್ನ ಕಲೆಸುತ್ತ. "ಮಾಡ್ತೀನೋ ಇಲ್ವೋ ಅಂತ ನಾಳೆ ಬೆಳಿಗ್ಗೆ ಯಜಮಾನ್ರಿಗೆ ಹೇಳ್ಬೇಕು."

"ನೀನಲ್ದೆ ಇನ್ಯಾರು ಮಾಡ್ತಾರೆ?"

"ಸಂಜೆ ಹೊತ್ಗೆ ಕಣ್ಣು ಮಂಜಾಗತ್ತೆ. ಉಳಿ ಒಂದ್ಸಲ ಜಾರಿದ್ರೆ ಮುಗೀತು, ಅಳಿಸಕ್ಕಾಗಲ್ಲ."

"ಡಾಕ್ಟ್ರಿಗೆ ತೋರ್ಸು ಅಣ್ಣ."

"ತೋರ್ಸಿದ್ರೆ ಅವರು ಏನಾದ್ರೂ ಅಂದ್ಬಿಡ್ತಾರಲ್ಲಪ್ಪ," ಎಂದು ನಕ್ಕ.

ಊಟವಾದ ಮೇಲೆ ನನ್ನ ಮಗಳು ಹಟ ಮಾಡಿ ಅವನನ್ನು ಆಟಕ್ಕೆ ಕೂರಿಸಿದಳು. "ನೋಡೋಣ, ಈ ಕಣ್ಣು ಏನ್ ಹೇಳತ್ತೋ," ಎಂದು ಅಣ್ಣ ಎಡಗಡೆಯ ಕುರ್ಚಿಯಲ್ಲಿ ಕೂತ. ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ಮರೆತಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ.

ಮೊದಲ ಆಟಕ್ಕೆ ನಾಬನ್ನು ಸ್ವಲ್ಪವೇ ತಗ್ಗಿಸಿದ್ದೆ. ಅಣ್ಣ ಸಲೀಸಾಗಿ ಗೆದ್ದ. ಉಳಿ ಹಿಡಿದ ಕೈ, ಗೆರೆಯನ್ನು ಕೂದಲೆಳೆಯಷ್ಟು ಜರುಗಿಸಿ ಚುಕ್ಕಿಯನ್ನು ವಾಪಸು ಕಳಿಸುತ್ತಿತ್ತು. ಪಕ್ಕದ ಮನೆಯವರು ಎಲೆ ಅಡಿಕೆ ಹಾಕಿಕೊಂಡು ನೋಡಲು ಬಂದಿದ್ದರು. "ಏನ್ ಸ್ವಾಮಿ, ಟಿವಿ ನಿಮ್ದು, ಆಟ ಮಾತ್ರ ಅಣ್ಣಂದು!" ಎಂದರು. ಮಗಳು ಚಪ್ಪಾಳೆ ತಟ್ಟಿ, "ಅಪ್ಪ ದಿನಾ ಪ್ರಾಕ್ಟೀಸ್ ಮಾಡಿ ಸೋತ್ರು!" ಎಂದು ಕುಣಿದಳು. ಎಲ್ಲರೂ ನಕ್ಕರು, ಅಣ್ಣನೂ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಅದಕ್ಕೆ ಬೇರೆ ಕಾರಣವೇನೂ ಇರಲಿಲ್ಲ.

"ಟ್ಯೂಬ್ ಬಿಸಿಯಾಗತ್ತೆ," ಎಂದು ಯಾರೂ ಕೇಳದೆಯೇ ಹೇಳಿ, ಕೈಚಾಚಿ ನಾಬನ್ನು ತಿರುಗಿಸಿದೆ. ಪರದೆ ಮಸುಕಾಯಿತು.

ಎರಡನೇ ಆಟದಲ್ಲಿ ಅಣ್ಣ ಮೊದಲ ಚುಕ್ಕಿ ಬಿಟ್ಟ. ಎರಡನೆಯದನ್ನೂ ಬಿಟ್ಟ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಕುರ್ಚಿಯ ತುದಿಗೆ ಜರುಗಿ ಮುಂದೆ ಬಗ್ಗಿದ. ನಗು ನಿಂತಿತ್ತು. ಚುಕ್ಕಿ ನನ್ನ ಗೆರೆಗೆ ತಾಗಿ ಟಕ್ ಎಂದು ಹೊರಟು ಪರದೆಯ ನಡುಭಾಗ ದಾಟುತ್ತಲೇ ಮಾಯವಾಗುತ್ತಿತ್ತು. ಅಣ್ಣನ ಗೆರೆ ಮೇಲೆ ಕೆಳಗೆ ತಡವರಿಸುತ್ತಿತ್ತು.

"ಚುಕ್ಕಿ ಕಾಣ್ತಾ ಇಲ್ವಲ್ಲೋ," ಎಂದ ಮೆಲ್ಲಗೆ. "ನಿಂಗೆ ಕಾಣ್ತಾ ಇದ್ಯಾ?"

ನನ್ನ ಕೈ ನಾಬಿನಿಂದ ಗೇಣು ದೂರದಲ್ಲಿತ್ತು. ಪಕ್ಕದ ಮನೆಯವರು ನನ್ನನ್ನೇ ನೋಡುತ್ತಿದ್ದರು.

"ಚೆನ್ನಾಗೇ ಕಾಣ್ತಿದೆಯಲ್ಲಣ್ಣ," ಎಂದೆ.

ಅಣ್ಣ ಆಟ ಮುಗಿಯುವವರೆಗೂ ಕೂತು ಸೋತ. ಕಾಫಿಗೂ ನಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೊರಟ.

ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ರಜೆ ಹೇಳಿ ಮಾರ್ಕೆಟ್ ದಾಟಿಕೊಂಡು ನಗರ್ತಪೇಟೆಗೆ ಓಡುನಡಿಗೆಯಲ್ಲಿ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಗಾಡಿಗಳ ನಡುವೆ ಸಿಕ್ಕಿಕೊಂಡಾಗ ಜನರನ್ನು ತಳ್ಳಿಕೊಂಡು ಮುಂದೆ ನುಗ್ಗಿದೆ. ಅಂಗಡಿ ತಲುಪಿದಾಗ ಮದುವೆಯ ಬೆಳ್ಳಿ ಬೇರೊಬ್ಬ ಕೆತ್ತನೆಯವನ ಮಣೆಯ ಮುಂದಿತ್ತು. ಅಣ್ಣ ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಸಾಮಾನಿಗೆ ಗುಲಾಬಿ ಕಾಗದ ಸುತ್ತುತ್ತಿದ್ದ.

ನನ್ನನ್ನು ನೋಡಿ ಹೊರಗೆ ಬಂದು ಪಕ್ಕದ ಹೋಟೆಲಿಗೆ ಕರೆದೊಯ್ದ. "ಒಳ್ಳೇದೇ ಆಯ್ತು ಕಣೋ, ನೀನು ನಿನ್ನೆ ಆಟ ಆಡಿಸಿದ್ದು," ಎಂದ. "ಇಲ್ದಿದ್ರೆ ಯಾರದೋ ಮನೆ ಬೆಳ್ಳಿ ಹಾಳು ಮಾಡಿ ಕೂತಿರ್ತಿದ್ದೆ. ಯಜಮಾನ್ರಿಗೆ ಹೇಳ್ಬಿಟ್ಟೆ, ಇನ್ಮೇಲೆ ಉಳಿ ಮುಟ್ಟಲ್ಲ ಅಂತ."

ಜೋಡಿಸಿಕೊಂಡು ಬಂದಿದ್ದ ಮಾತನ್ನು ಆಡಲಿಲ್ಲ. ಅವನು ಕೊಡಿಸಿದ ಕಾಫಿ ಕುಡಿದು ಮನೆಗೆ ಬಂದೆ.

ಬಾಯಿಂದ ಆಗದ್ದನ್ನು ನಾಬಿನಿಂದ ಮಾಡೋಣವೆಂದು ಮುಂದಿನ ಭಾನುವಾರ ಅವನನ್ನು ಮತ್ತೆ ಊಟಕ್ಕೆ ಕರೆದೆ. ಕಿಟಕಿಗೆ ಕಂಬಳಿ ಕಟ್ಟಿದೆ. ಹೆಂಡತಿ ಬೈದರೂ ಬ್ರೈಟ್‌ನೆಸ್ಸನ್ನು ಪೂರ್ತಿ ಏರಿಸಿದೆ. ಅವನೇ ಆಡಿ ನೋಡಿ, ಕಣ್ಣು ಸರಿಯಿದೆ ಎಂದುಕೊಂಡು ಮತ್ತೆ ಕೆಲಸಕ್ಕೆ ಕೂರಲಿ, ನಾನು ಮಾಡಿದ್ದು ಗೊತ್ತಾಗದೇ ಇರಲಿ, ಇದು ನನ್ನ ಲೆಕ್ಕಾಚಾರ.

ಅಣ್ಣ ಬೇಡ ಬೇಡವೆನ್ನುತ್ತಲೇ ಕೂತ. ಒಂದೊಂದೇ ಚುಕ್ಕಿ ಹೊಡೆದ. ಒಂದನ್ನೂ ಬಿಡಲಿಲ್ಲ. ಅವನ ಮುಖ ಅರಳುತ್ತಿತ್ತು, ನನ್ನ ಎದೆ ಹಗುರಾಗುತ್ತಿತ್ತು. ಆಮೇಲೆ ಆಟ ನಡೆಯುತ್ತಿರುವಾಗಲೇ ಅವನ ಕೈ ನಿಂತಿತು. ಕಿಟಕಿಯ ಕಂಬಳಿಯನ್ನು ನೋಡಿದ. ಎದ್ದು ಹೋಗಿ ಅದನ್ನು ಸರಿಸಿದ. ಎದುರುಗೋಡೆಯ ಬೆಳಕು ಒಳಗೆ ಬಂತು. ನನ್ನ ಮುಂದೆಯೇ ಕೈಚಾಚಿ ನಾಬನ್ನು ನಿಧಾನವಾಗಿ ತಗ್ಗಿಸಿದ. ತನ್ನ ಕುರ್ಚಿಗೆ ಹೋಗಿ ಕೂತು ಪರದೆಯನ್ನೇ ನೋಡಿದ. ಎಡಗಡೆ ಏನೂ ಇರಲಿಲ್ಲ.

ಬೈಯುತ್ತಾನೆಂದು ಕಾದೆ. ಅವತ್ತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಆ ಬೆಳ್ಳಿ ಕೆಲಸ ಅರ್ಧ ಮುಗಿದಿರ್ಬೇಕು ಈಗ," ಎಂದ. ಎದ್ದು ಬಂದು ನಾಬನ್ನು ಮೊದಲಿದ್ದ ಜಾಗಕ್ಕೆ ಏರಿಸಿಟ್ಟ. "ಆಡಮ್ಮ ನೀನು," ಎಂದು ಮಗಳನ್ನು ತನ್ನ ಕುರ್ಚಿಯಲ್ಲಿ ಕೂರಿಸಿ ಹೊರಗೆ ಜಗಲಿಗೆ ಹೋದ.

ಅವನು ಮತ್ತೆ ಉಳಿ ಹಿಡಿಯಲಿಲ್ಲ. ಅವನ ಮಣೆ ಬೇರೆಯವನದಾಗಿತ್ತು, ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳಲು ಅವನು ಒಪ್ಪಲಿಲ್ಲ. ನಿವೃತ್ತನಾಗುವವರೆಗೂ ಕಾಗದ ಸುತ್ತಿದ. ಹಬ್ಬಕ್ಕೆ ಬರುತ್ತಿದ್ದ, ನನ್ನ ತಟ್ಟೆಗೆ ತಾನೇ ಹೋಳಿಗೆ ಬಡಿಸುತ್ತಿದ್ದ. ಟಿವಿ ಹಾಕಿದಾಗ ಮಾತ್ರ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದ. ಆ ಬೆನ್ನಿನ ಹಿಂದೆ ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಅವನು ಇದ್ದಷ್ಟು ದಿನವೂ ಮಾತು ಹೊರಡಲಿಲ್ಲ.