ಸದ್ದು ಮಾಡುವ ಕೂಲರ್, ಸದ್ದು ಮಾಡದ ಡಾಕ್ಟರ್

ಬೆಳಗಿನ ಆರು. ತಾವರಗೇರಾದ ಕೋಳಿಗಳು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿವೆ. ಡಾ. ಬಸವಕುಮಾರ ಅವರ ದವಾಖಾನೆಯ ಮುಂದೆ ಆಗಲೇ ಅರ್ಧ ಭೂಮಂಡಲ ಸಾಲುಗಟ್ಟಿದೆ. ಹೊಲಕ್ಕೆ ಹೋಗುವ ಮುನ್ನ ತೋರಿಸಿಕೊಳ್ಳುವುದು ಇಲ್ಲಿನ ರೂಢಿ. ಡಾಕ್ಟರ ಮೇಜಿಗೂ ಕಾಯುವವರ ಬೆಂಚಿಗೂ ನಡುವೆ ಒಂದೇ ಪರದೆ. ಒಳಗೆ ಕಾಯಿಲೆ ಹೇಳಿ ಮುಗಿಯುವುದರೊಳಗೆ ಹೊರಗಿನ ಬೆಂಚು ಔಷಧಿಯನ್ನೇ ಬರೆದುಕೊಟ್ಟಿರುತ್ತದೆ.

ಒಂದನ್ನು ಮಾತ್ರ ಯಾವ ಹೆಂಗಸೂ ಬಾಯಿ ಬಿಟ್ಟು ಹೇಳುವುದಿಲ್ಲ: ಕೆಮ್ಮಿದರೆ, ನಕ್ಕರೆ ಉಚ್ಚೆ ಸೋರುವುದು. ಅವರ ಮಾತು ಹೊರಗೆ ಕೇಳಬಾರದೆಂದೇ ಡಾಕ್ಟರು ಹಳೆಯ ಕೂಲರ್ ಒಂದನ್ನು ಸಾಕಿದ್ದಾರೆ. ಅದು ಆರ್ಭಟಿಸಿದರೆ ಕುಷ್ಟಗಿಯ ನಾಯಿಗಳು ಎದ್ದು ಬೊಗಳುತ್ತವೆ. "ಥಂಡ್ಯಾಗ ಯಾಕ್ರಿ ಸಾಹೇಬ್ರ?" ಎಂದರೆ, "ನನಗ ಶಕಿ ಭಾಳ್ರಿ" ಎನ್ನುತ್ತಾರೆ, ಸ್ವೆಟರ್ ಗುಂಡಿ ಹಾಕಿಕೊಳ್ಳುತ್ತಾ.

ಹೋದ ಚಳಿಗಾಲದಲ್ಲಿ ಶೇಖರಮ್ಮ ಬಂದರು. ಸೋಬಾನ ಪದಕ್ಕೆ ಇವರು ದನಿ ಎತ್ತಿದರೆ ಗಂಗಾವತಿಯ ಭತ್ತದ ತೆನೆಗಳು ತಲೆದೂಗುತ್ತವೆ. ಅಂಥವರು ಎರಡು ವರ್ಷದಿಂದ ಮದುವೆಗಳಿಗೇ ಹೋಗಿಲ್ಲ, ಹೆದರಿ ನೀರು ಕುಡಿಯುವುದನ್ನೂ ಬಿಟ್ಟಿದ್ದಾರೆ. ಬರುವ ಬೇಸಿಗೆಗೆ ಕನಕಗಿರಿಯಲ್ಲಿ ತಂಗಿಯ ಮೊಮ್ಮಗಳ ಮದುವೆ. ಹಾಡದಿದ್ದರೆ ತಂಗಿ ಮಾತು ಬಿಡುತ್ತಾಳೆ.

"ದನಿ ಏರಿಸಿದ್ರ ಏನಾಕ್ಕೈತಿ, ಯವ್ವಾ?"

ಶೇಖರಮ್ಮ ಏನೋ ಪಿಸುಗುಟ್ಟಿದರು.

"ಕೇಳಸವಲ್ದು. ಜೋರಾಗಿ ಹೇಳ್ರಿ."

"ಉಚ್ಚಿ ಸೋರತೈತ್ರಿ!"

ಅದೇ ಗಳಿಗೆಗೆ ಕರೆಂಟು ಹೋಯಿತು. ಕೂಲರ್ ಬಾಯಿ ಮುಚ್ಚಿತು. ಸೊಳ್ಳೆಗಳೂ ರೆಕ್ಕೆ ಮಡಚಿದವು. ಶೇಖರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಪರದೆಯಾಚೆ ಬೆಂಚಿನ ಮೇಲೆ ಕಾಯುತ್ತಿದ್ದ ಇಮಾಮಬಾನುವಿನ ದನಿ ಬಂತು: "ನಂದೂ ಅದ ಐತಿ, ಅಕ್ಕಾ. ಹೇಳಾಕ ನಾಚಿ ಸುಮ್ಮನ ಕೆಮ್ಮಿನ ಔಷಧ ಕುಡ್ಯಾಕತ್ತೀನಿ!"

"ಅಯ್ಯ, ನೀನೂ ಏನ?" ಎಂದಳು ಇನ್ನೊಬ್ಬಳು. ಬೆಂಚಿಗೆ ಬೆಂಚೇ ನಕ್ಕಿತು. ನಕ್ಕವರಲ್ಲಿ ಅರ್ಧ ಮಂದಿ ಹಿತ್ತಿಲಿಗೆ ಓಡಿದರು.

"ಇದು ಪಾಪ ಅಲ್ರಿ, ಹೆರಿಗಿ ಆದ ಮ್ಯಾಲ, ವಯಸ್ಸಾದಂಗ ಬಿಗಿ ಸಡ್ಲ ಆಕ್ಕೈತಿ," ಎನ್ನುತ್ತಾರೆ ಡಾಕ್ಟರು. ಮೂತ್ರ ತಪಾಸಣೆ ಮಾಡಿಸಿ, ಸೋಂಕು, ಸಕ್ಕರೆ ಇಲ್ಲವೆಂದು ನೋಡಿಕೊಂಡು, ಶೇಖರಮ್ಮನಿಗೆ ಕೊಟ್ಟದ್ದು ಗುಳಿಗೆಯಲ್ಲ, ವ್ಯಾಯಾಮ: "ಉಚ್ಚಿ ತಡಿವಾಗ ಬಿಗಿಹಿಡಿತೀರಲ್ಲ, ಹಂಗ ಕುಂತಲ್ಲೇ ಬಿಗಿಹಿಡೀರಿ, ಬಿಡ್ರಿ. ದಿನಾ ಮಾಡ್ರಿ. ಚಾ ಕಡಿಮಿ ಮಾಡ್ರಿ, ನೀರು ಬಿಡಬ್ಯಾಡ್ರಿ. ಮೂರು ತಿಂಗಳರ ತಾಳ್ರಿ."

ಶೇಖರಮ್ಮ ತಾಳಿದರು. ಕನಕಗಿರಿಯಲ್ಲಿ ಅವರ ದನಿಗೆ ಮದುಮಗನ ಪೇಟ ಹಾರಿಹೋಯಿತು. ಹಾಡು ಮುಗಿಯುವವರೆಗೂ ಅವರು ಮಾತ್ರ ಜಾಗ ಬಿಟ್ಟು ಏಳಲಿಲ್ಲ.

"ಪೂರಾ ನಿಂತಿಲ್ರಿ, ಆದ್ರ ಹೆದರಿಕಿ ಹೋಗೈತಿ," ಎನ್ನುತ್ತಾರೆ ಡಾಕ್ಟರು. "'ಇನ್ನ ಮ್ಯಾಲ ಸೋಬಾನದಾಗ ನಿಮ್ಮ ಹೆಸರು ಕಟ್ಟಿ ಹಾಡ್ತೀನಿ' ಅಂದ್ರು ಶೇಖರಮ್ಮ. 'ಬ್ಯಾಡ್ರಿ ತಾಯಿ, ಡಾಕ್ಟರ್ ಏನ್ ಉಪಕಾರ ಮಾಡ್ಯಾನ ಅಂತ ಬೀಗರು ಕೇಳಿದ್ರ ಏನ್ ಹೇಳ್ತೀರಿ?' ಅಂದೆ."