ಒರೆಸಿದರೆ ಹೋಗದ ಕಾಡಿಗೆ

ನಮ್ಮ ಬಳಗದಲ್ಲಿ ಈ ಕತೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ರೆಪ್ಪೆಗೂದಲು ಬೆಳೆಸುವ ಔಷಧಿಗೂ ಮಷೀನಿನಿಂದ ಬರೆಸಿದ ಕಾಡಿಗೆಗೂ ಜಗಳ ಬಿದ್ದು ಅಕ್ಕನ ಕಣ್ಣು ಕೆಟ್ಟಿತು. ಯಾದಗಿರಿಯ ನಮ್ಮ ಓಣಿಯಿಂದ ಸುರಪುರದ ಬೀಗರ ಮನೆಯವರೆಗೆ ಎಲ್ಲರ ಬಾಯಲ್ಲೂ ಇದೇ. ಕೇಳಲು ಅಚ್ಚುಕಟ್ಟಾಗಿದೆ. ಆದರೆ ಆ ಮಾತಿನಲ್ಲಿ ಮನುಷ್ಯರೇ ಇಲ್ಲ. ಎರಡು ಸೀಸೆಗಳು ತಾವಾಗಿಯೇ ಬಡಿದಾಡಿದವು, ಯಾರ ಕೈಯೂ ಅಕ್ಕನ ಕಣ್ಣಿನ ಹತ್ತಿರ ಸುಳಿಯಲಿಲ್ಲ ಎಂದು ಒಪ್ಪಿಕೊಳ್ಳುವುದಾದರೆ, ಚರ್ಚಾಸ್ಪರ್ಧೆಗೆಂದು ನಾನು ಕಲಿತದ್ದೆಲ್ಲ ದಂಡ.

ಅಕ್ಕ ಸುರಪುರದ ಸೊಸೆ. ಶಹಾಪುರದ ಖಾಸಗಿ ಶಾಲೆಯೊಂದರಲ್ಲಿ ಕಲಿಸುತ್ತಿದ್ದಳು. ಹುಟ್ಟಿನಿಂದಲೂ ಅವಳ ರೆಪ್ಪೆಗೂದಲು ತೆಳು. ಕಾಡಿಗೆ ಹಚ್ಚದೆ ಹೋದರೆ ಸ್ಟಾಫ್ ರೂಮಿನಲ್ಲಿ, ‘ಯಾಕ್ರಿ ಟೀಚರ್, ಅತ್ತು ಬಂದೀರೇನು?’ ಹಚ್ಚಿದರೆ, ಬಸ್ಸಿನ ಸೆಕೆಯಲ್ಲಿ ಶಹಾಪುರ ಮುಟ್ಟುವಷ್ಟರಲ್ಲಿ ಅದು ಕೆನ್ನೆಗೆ ಇಳಿದಿರುತ್ತಿತ್ತು. ಆಗ ಮಕ್ಕಳು ನಗುತ್ತಿದ್ದರು. ಇದನ್ನು ಶೋಕಿ ಎನ್ನುವವರು ಒಂದು ಬೇಸಿಗೆ ಆ ಬಸ್ಸಿನಲ್ಲಿ ನಿಂತು ಬರಲಿ.

ಮೊದಲು ಕೂದಲು ಬೆಳೆಸುವ ಔಷಧಿ, ಸೀರಮ್, ಹಚ್ಚಿದಳು. ಕೂದಲು ನಾಲ್ಕಾರು ಹುಟ್ಟಿದವು. ಆಮೇಲೆ ಶಾಶ್ವತ ಕಾಡಿಗೆಯ ಯೋಚನೆ ಬಂತು: ರೆಪ್ಪೆಯಂಚಿನ ಚರ್ಮಕ್ಕೆ ಸೂಜಿಯಿಂದ ಬಣ್ಣ ಇಳಿಸುವುದು. ಎರಡೂ ಒಟ್ಟಿಗೆ ನಡೆದೀತೇ ಎಂದು ನನ್ನನ್ನೇ ಕೇಳಿದಳು, ಯಾಕೆಂದರೆ ಮನೆಯಲ್ಲಿ ಏನನ್ನೂ ನಂಬದವಳು ನಾನೊಬ್ಬಳೇ. ಇಬ್ಬರೂ ಯಾದಗಿರಿಯ ಕಣ್ಣಿನ ಡಾಕ್ಟರಲ್ಲಿಗೆ ಹೋದೆವು. ಸೀರಮ್ಮಿನಿಂದ ಕೆಲವರ ರೆಪ್ಪೆ ಕೆಂಪಾಗಿ ನಾಜೂಕಾಗುತ್ತದೆ, ಅಂಥ ಚರ್ಮಕ್ಕೆ ಸೂಜಿ ಬೇಡ, ಕೆಲವು ವಾರ ಮೊದಲೇ ಸೀರಮ್ ನಿಲ್ಲಿಸಿ ಎಂದರು ಅವರು. ಗಾಯ ಪೂರ್ತಿ ಮಾಯ್ದ ಮೇಲೆ ತಮಗೆ ತೋರಿಸಿಯೇ ಮತ್ತೆ ಹಚ್ಚಬೇಕು ಎಂದೂ ಹೇಳಿದರು. ಹಾಗೆಯೇ ಮಾಡಿದೆವು. ಕಾಡಿಗೆ ಬರೆಯುವ ಪಾರ್ಲರಿನವಳಿಗೆ ನಾನು ಅಡ್ಡಪ್ರಶ್ನೆಗಳನ್ನು ಹಾಕಿದೆ. ಸೂಜಿ ಹೊಸದೋ? ಬಣ್ಣ ಮೈಗೆ ಒಗ್ಗುತ್ತದೋ ಇಲ್ಲವೋ ಎಂದು ಮೊದಲು ಹಚ್ಚಿ ನೋಡುತ್ತೀರೋ?

‘ನಿಮ್ಮ ತಂಗಿ ಪೊಲೀಸ್ ಅದಾಳೇನ್ರಿ ಮೇಡಂ?’

‘ಇಲ್ರಿ, ಡಿಬೇಟ್ ಮಾಡ್ತಾಳ,’ ಎಂದಳು ಅಕ್ಕ. ‘ಪೊಲೀಸರಾದ್ರ ಚಾ ಕುಡಿದು ಹೋಗ್ತಿದ್ರು.’

ಆದರೂ ಪಾರ್ಲರಿನವಳು ಅಕ್ಕನ ಕಿವಿಯ ಹಿಂದೆ ಬಣ್ಣ ಹಚ್ಚಿ ಕಳಿಸಿ, ಏನೂ ಆಗಲಿಲ್ಲ ಎಂದ ಮೇಲೆಯೇ ಕರೆದಳು. ಸೂಜಿಯ ಪೊಟ್ಟಣವನ್ನು ನಮ್ಮೆದುರೇ ಒಡೆದಳು. ಕೆಲಸ ಮುಗಿದ ಮೇಲೆ, ‘ಹಕ್ಕಳಿ ಕಟ್ತಾವ, ತಾವಾಗೇ ಉದರತಾವ. ತಿಕ್ಕಬ್ಯಾಡ್ರಿ, ಎಣ್ಣಿ ಮುಟ್ಟಿಸಬ್ಯಾಡ್ರಿ,’ ಎಂದಳು. ಜೊತೆಗೆ ಬಂದಿದ್ದ ಅವ್ವ ಇದನ್ನೆಲ್ಲ ಕೇಳಿಸಿಕೊಂಡು ತಲೆಯಾಡಿಸಿದಳು. ಗಾಯ ಮಾಯುವವರೆಗೆ ಅಕ್ಕ ತವರಿನಲ್ಲೇ ಉಳಿದಳು. ವಿಷಯ ಭಾವನಿಗೆ ಗೊತ್ತಿತ್ತು, ಅವಳ ಅತ್ತೆಗೆ ಹೇಳಿರಲಿಲ್ಲ. ಬಾವು ಇಳಿದಿತ್ತು, ಹಕ್ಕಳೆ ಕಟ್ಟುತ್ತಿತ್ತು, ಕಣ್ಣು ಚೆನ್ನಾಗಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಅಷ್ಟರಲ್ಲಿ ಭಾವನ ದೊಡ್ಡಪ್ಪ ತೀರಿಕೊಂಡರು. ಅವ್ವ, ಅಕ್ಕ, ನಾನು ಸುರಪುರಕ್ಕೆ ಓಡಿದೆವು. ನಮ್ಮ ಕಡೆ ಸಾವಿನ ಮನೆಗೆ ಹೆಂಗಸರು ಹೂ ಮುಡಿದು, ಕಾಡಿಗೆ ತೀಡಿಕೊಂಡು ಹೋಗುವುದಿಲ್ಲ. ಪಡಸಾಲೆಯಲ್ಲಿ ಹೆಣದ ಸುತ್ತ ಕೂತವರ ಅಳು ಅಕ್ಕನ ಮುಖ ಕಂಡದ್ದೇ ಅರ್ಧಕ್ಕೆ ನಿಂತಿತು.

‘ಹೆಣ ಇನ್ನೂ ಮನ್ಯಾಗ ಅದ. ಸೊಸಿ ನೋಡ್ರಿ, ಕಣ್ಣು ತೀಡ್ಕೊಂಡು ಬಂದಾಳ,’ ಎಂದಳು ಒಬ್ಬ ಮುದುಕಿ.

ಅಕ್ಕನ ಅತ್ತೆ ಅವ್ವನ ಕಡೆ ತಿರುಗಿದರು. ‘ಏನ್ರಿ ಬೀಗತಿ, ಇಷ್ಟೂ ಕಲಿಸಿಲ್ಲೇನ್ರಿ ಮಗಳಿಗೆ?’

‘ಅದು ಹಚ್ಚಿದ್ದಲ್ರಿ…’ ನಾನು ಬಾಯಿ ತೆರೆದೆ.

‘ನಿನ್ನ ಭಾಷಣ ಕಾಲೇಜಿನಾಗ ಇಟ್ಕೊ ಯವ್ವಾ. ಇಲ್ಲಿ ಕಪ್ ಕೊಡೋರಿಲ್ಲ,’ ಎಂದಳು ಅದೇ ಮುದುಕಿ.

ಒರೆಸಿದರೆ ಹೋಗುವ ಕಪ್ಪಲ್ಲ ಅದು ಎಂದು ಅವ್ವನಿಗೆ ಗೊತ್ತಿತ್ತು. ಅಷ್ಟು ಮಂದಿಯ ಮುಂದೆ ಸೂಜಿಯ ಸಂಗತಿ ಹೇಳುವುದಕ್ಕಿಂತ ಒರೆಸಿ ತೋರಿಸುವುದು ಅವಳಿಗೆ ಸುಲಭವೆನಿಸಿತು. ಯಾರೋ ಕೊಬ್ಬರಿ ಎಣ್ಣೆ ತಂದರು. ಅವ್ವ ಅದನ್ನು ಸೆರಗಿನ ತುದಿಗೆ ಹಚ್ಚಿಕೊಂಡು, ಅಕ್ಕನ ಗದ್ದ ಹಿಡಿದು ರೆಪ್ಪೆ ತಿಕ್ಕಿದಳು.

‘ಯವ್ವಾ, ಉರೀತದ.’

‘ಸುಮ್ನಿರು. ಮಂದಿ ನೋಡಾಕತ್ತಾರ.’

ಆಮೇಲೆ ಇನ್ನೊಂದು ಕಣ್ಣು. ಹಕ್ಕಳೆ ಕಿತ್ತು ಸೆರಗಿಗೆ ಬಂತು, ಹೊಸದಾಗಿ ಹುಟ್ಟಿದ್ದ ಕೂದಲೂ ಬಂದವು, ರಕ್ತವೂ ಬಂತು. ಕಪ್ಪು ಮಾತ್ರ ಅಲ್ಲೇ ಇತ್ತು. ಮುದುಕಿ ಬೇರೆ ಕಡೆ ನೋಡಿದಳು. ಅಳು ಮತ್ತೆ ಶುರುವಾಯಿತು.

ಎರಡೂ ರೆಪ್ಪೆ ಕೀವು ತುಂಬಿ ಮುಚ್ಚಿಕೊಂಡ ಮೇಲೆ ಮತ್ತೆ ಅದೇ ಡಾಕ್ಟರ ಹತ್ತಿರ ಹೋದೆವು. ‘ಇದನ್ನ ಯಾರು ತಿಕ್ಕಿದ್ರಿ?’ ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಅವ್ವ, ‘ನಿದ್ದಿಗಣ್ಣಾಗ ಅಕಿನೇ ತಿಕ್ಕೊಂಡಾಳ್ರಿ,’ ಎಂದಳು. ಅಕ್ಕ ಕಣ್ಣು ಮುಚ್ಚಿಕೊಂಡೇ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದಳು. ದೃಷ್ಟಿ ಉಳಿಯಿತು. ಬಣ್ಣ ಅಲ್ಲಲ್ಲಿ ಹರಡಿ ಗಾಯದ ಕಲೆಯಂತಾಗಿದೆ. ಎಡಗಣ್ಣಿನ ಮೂಲೆಯಲ್ಲಿ ಕೂದಲು ಮತ್ತೆ ಬರುವ ಲಕ್ಷಣವಿಲ್ಲ.

ಎದುರಾಳಿಯ ವಾದವನ್ನೂ ಹೇಳಿಬಿಡುತ್ತೇನೆ. ಸೀರಮ್ಮು ಸಾಧುವಲ್ಲ, ಸೂಜಿಯೂ ಅಲ್ಲ. ಎಲ್ಲ ಜೋಪಾನ ಮಾಡಿದರೂ ಕೆಲವರಿಗೆ ಕೆಡುತ್ತದೆ, ಡಾಕ್ಟರೂ ಅದನ್ನೇ ಹೇಳಿದ್ದರು. ಆದರೆ ಅಕ್ಕನಿಗೆ ಕೆಟ್ಟದ್ದು ಅವೆರಡರಿಂದ ಅಲ್ಲ. ನಾನು ಅಲ್ಲಿ ನಿಂತಿದ್ದೆ.

ಈಗ ಅವಳ ಅತ್ತೆಯ ತೀರ್ಪು ಬಂದಿದೆ: ‘ಸಾಲಿಗೆ ಹೋಗೇ ಈ ಶೋಕಿ ಕಲ್ತಾಳ. ಇನ್ನ ಹೋಗೋದು ಬ್ಯಾಡ.’ ಸೋಮವಾರ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿದ್ದಾರೆ. ಭಾವ ಫೋನಿನಲ್ಲಿ, ‘ಸಾಲಿಗೆ ಕಳಸು ಅಂತ ನಾ ಹೇಳಿದ್ರ ಹೆಂಡ್ತಿ ಕಡಿ ಮಾತಾಡ್ತಾನ ಅಂತಾಳ ನಮ್ಮವ್ವ. ನಿಮ್ಮವ್ವ ಹೇಳಿದ್ರ ಕೇಳ್ತಾಳ,’ ಎಂದ.

ಅವ್ವ ತೊಗರಿಬೇಳೆ ಆರಿಸುತ್ತ ಕೂತಿದ್ದಳು. ಫೋನಿನ ಮಾತನ್ನು ಹೇಳಿದೆ.

‘ನಾ ಹೇಳಿದ್ರ ಬೀಗರ ಮುಂದ ನನ್ನ ಮಾನ ಏನ್ ಉಳೀತದ? ಅಕಿ ಒಬ್ಬಾಕಿ ಮನ್ಯಾಗ ಕುಂತ್ರ ಏನ್ ಮುಳುಗ್ತದ?’

ವಾದಕ್ಕೆ ಬೇಕಾದದ್ದೆಲ್ಲ ನನ್ನ ಬಳಿ ಇತ್ತು. ಒಂದನ್ನೂ ಎತ್ತಲಿಲ್ಲ. ಮೊರದ ಎದುರು ಕೂತು ಇಷ್ಟೇ ಕೇಳಿದೆ:

‘ನಾಳೆ ಸುರಪುರಕ್ಕ ಬಂದು, ಅಕಿ ಕಣ್ಣು ಕೆಟ್ಟಿದ್ದು ಶೋಕಿಗಲ್ಲ, ನಾ ತಿಕ್ಕಿದ್ದಕ್ಕ ಅಂತ ಬೀಗತಿ ಮುಂದ ಹೇಳ್ತೀಯೇನವ್ವಾ?’