ನಾನು ಹಾಕಿದ ಬೆಸುಗೆ

ನನ್ನ ಗಂಡ ಕೆ.ಆರ್. ನಗರದ ಬಸ್ ಸ್ಟ್ಯಾಂಡ್ ಹತ್ತಿರ ಇಪ್ಪತ್ತು ವರ್ಷ ಟಿ.ವಿ. ರಿಪೇರಿ ಅಂಗಡಿ ನಡೆಸಿದವರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ತಿಂದುಹಾಕಿತು. ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಎರಡನೇ ವರ್ಷ, ಎರಡು ಸಾವಿರದ ಐದೋ ಆರೋ ಇರಬೇಕು, ನಮ್ಮ ವಾಷಿಂಗ್ ಮೆಷಿನ್ ಕೆಟ್ಟಿತು.

ನೀರು ತುಂಬಿಕೊಳ್ಳುತ್ತಿತ್ತು. ಆಮೇಲೆ ಅದರ ಮೇಲಿನ ದೀಪಗಳೆಲ್ಲ ಒಟ್ಟಿಗೆ ಮಿನುಗಿ ಮೆಷಿನ್ ನಿಂತುಬಿಡುತ್ತಿತ್ತು. ಮೆಕ್ಯಾನಿಕ್ಕನ್ನು ಕರೆಸುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ಸ್ಕ್ರೂಗಳನ್ನು ಬಿಚ್ಚು ಎಂದರು. ನಾನು ಅಂಗಡಿಗೆ ಊಟದ ಡಬ್ಬಿ ಒಯ್ದವಳೇ ಹೊರತು ಸ್ಕ್ರೂಡ್ರೈವರ್ ಹಿಡಿದವಳಲ್ಲ.

ಒಳಗಿನ ಬೋರ್ಡನ್ನು ಬಿಡಿಸಿ ಅವರ ತೊಡೆಯ ಮೇಲಿಟ್ಟೆ. ಅವರ ಬೆರಳು ಒಂದೊಂದನ್ನೇ ಸವರುತ್ತಾ ಹೋಗಿ ಒಂದು ಪುಟ್ಟ ಚೌಕದ ಡಬ್ಬಿಯ ಮೇಲೆ ನಿಂತಿತು. ಅದು ರಿಲೇ, ಮೋಟಾರಿಗೆ ಕರೆಂಟ್ ಬಿಡುವುದು ಅದೇ ಎಂದು ಹೇಳಿದರು.

"ತಿರುಗಿಸಿ ಇದರ ಕಾಲ್ಗಳ ನೋಡು. ಸುತ್ತ ಉಂಗುರದಂಗೆ ಸಣ್ಣ ಗೆರೆ ಕಾಣ್ತದಾ?"

ಕಂಡಿತು. ಬೆಸುಗೆ ಬಿಟ್ಟುಕೊಂಡಿತ್ತು. ಅವರ ಮುಖದಲ್ಲಿ ಎರಡು ವರ್ಷದಿಂದ ನಾನು ಕಾಣದಿದ್ದ ಗೆಲುವು ಬಂತು.

ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ಕಾಯಿಸಿ ಕೈಗೆತ್ತಿಕೊಂಡೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಸೀಸ ಕರಗಿ ಹೊಗೆ ಎದ್ದಾಗ ಆ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡರು.

"ಒಳೀತಾ ಅದಾ, ಇಲ್ಲಾ ಮಂಕಾಗಿ ಅದಾ?"

ಒಳ್ಳೆಯ ಬೆಸುಗೆ ಬೆಳ್ಳಿಯ ಹಾಗೆ ಹೊಳೆಯಬೇಕು ಎಂದು ಮೊದಲೇ ಹೇಳಿದ್ದರು. ನಾನು ಹಾಕಿದ್ದು ಬೂದಿಬಣ್ಣದ ಉಂಡೆಯಾಗಿತ್ತು. ಹೊಳೆಯುತ್ತಿದೆ ಎಂದುಬಿಟ್ಟೆ.

ಮೆಷಿನ್ ತಿರುಗಿತು. ಅವರು ಅದರ ಮೇಲೆ ಅಂಗೈ ಇಟ್ಟುಕೊಂಡು ಒಗೆತ ಮುಗಿಯುವವರೆಗೂ ನಿಂತಿದ್ದರು. ಇನ್ನುಮುಂದೆ ಅಕ್ಕಪಕ್ಕದವರ ರೇಡಿಯೋ, ಮಿಕ್ಸಿ ತರಿಸೋಣ, ನಾನು ಹೇಳುತ್ತೇನೆ, ನೀನು ಮಾಡು ಎಂದರು.

ಹತ್ತು ದಿನ ಕಳೆದಿರಬೇಕು, ಮತ್ತೆ ನಿಂತಿತು. ಈ ಸಲ ಸುಟ್ಟ ವಾಸನೆ. ಹುಣಸೂರಿನಿಂದ ಬಂದ ಮೆಕ್ಯಾನಿಕ್ ಬೋರ್ಡು ತಿರುಗಿಸಿ ನೋಡಿ, ಬೆಸುಗೆ ಸರಿಯಾಗಿ ಹಿಡಿಯದೆ ಕಿಡಿ ಹಾರಿ ಸುಟ್ಟಿದೆ, ಯಾರು ಹಾಕಿದ್ದು ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮಾತಾಡಿದರು.

"ನಾನೇ ಕಣಪ್ಪ. ಕಣ್ಣು ಕಾಣಲ್ಲ ನೋಡು."

ಇಪ್ಪತ್ತು ವರ್ಷ ಅವರ ಬೆಸುಗೆಯಲ್ಲಿ ಯಾರೂ ತಪ್ಪು ಹುಡುಕಿರಲಿಲ್ಲ. ನಾನು ಅಡುಗೆಮನೆಗೆ ಹೋದವಳು ಆತ ಹೊಸ ಬೋರ್ಡು ಕೂರಿಸಿ ಹೋಗುವವರೆಗೂ ಹೊರಗೆ ಬರಲಿಲ್ಲ.

ಮಂಕಾಗಿದೆ ಎಂದು ಅಂದೇ ಹೇಳಿದ್ದರೆ ಇನ್ನೊಮ್ಮೆ ಕಾಯಿಸಿ ಹಾಕಿಸುತ್ತಿದ್ದರು, ಅಷ್ಟೇ. ರೇಡಿಯೋ, ಮಿಕ್ಸಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಹೊಳೆಯುತ್ತಿದೆ ಎಂದು ಯಾಕಂದೆ ಅಂತ ಒಮ್ಮೆಯೂ ಕೇಳಲಿಲ್ಲ. ಮೂರು ವರ್ಷದ ಮೇಲೆ ತೀರಿಕೊಂಡರು.